ಹಸಿರು ಬೆಟ್ಟದಿಂದ ಬಂದ ಬಟ್ಟಲು

ಭವಾನಿಪುರಂ

ಒಮಾನ್ ದೇಶದ ಬೆಟ್ಟಗಳಿಗೆ ಒಬ್ಬಳೇ ಹೋಗಿ ಬರುತ್ತೇನೆ ಎಂದು ನಾನು ಹೇಳಿದಾಗ ನಮ್ಮವರು ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಿದ್ದರು. ಸೌಟು ಗಾಳಿಯಲ್ಲೇ ನಿಂತಿತು.

"ಅರಬರ ದೇಶದಾಗ ಗುಡ್ಡ ಎಲ್ಲಿ ಅದಾವ? ಬರೇ ಉಸುಕು," ಎಂದರು.

"ಅದಾವರಿ. ಅಲ್ಲಿ ಗುಲಾಬಿ ಬೆಳೀತಾರ. ಚಳಿಗೆ ಕಂಬಳಿ ಹೊದ್ದು ಮಲಗಬೇಕಂತ."

ಇದನ್ನು ನನಗೆ ಹೇಳಿದ್ದು ಒಬ್ಬ ಗ್ರಾಹಕಿ. ನಾನು ಧಾರವಾಡದವಳು. ಬ್ಯಾಂಕಿನ ವರ್ಗಾವಣೆ ನನ್ನನ್ನು ಮೊದಲು ವಿಶಾಖಪಟ್ಟಣಕ್ಕೆ, ಆಮೇಲೆ ವಿಜಯವಾಡಕ್ಕೆ ತಂದು ಹಾಕಿತು. ವಿಶಾಖಪಟ್ಟಣದ ಶಾಖೆಗೆ ಬರುತ್ತಿದ್ದ ಆಕೆ ಒಮಾನಿನಲ್ಲಿ ಮನೆಗೆಲಸ ಮಾಡಿ ಬಂದವಳು. ಯಜಮಾನಿಯ ತವರೂರು ಬೆಟ್ಟದ ತುದಿಯಲ್ಲಿತ್ತಂತೆ. ಬೇಸಿಗೆಯ ಮುಂಚೆ ಅಲ್ಲಿ ಗುಲಾಬಿ ಅರಳುತ್ತದಂತೆ, ಊರಿಗೆ ಊರೇ ಘಮ್ಮೆನ್ನುತ್ತದಂತೆ. ಕೌಂಟರಿನ ಆಚೆ ನಿಂತು ಇದನ್ನು ಹೇಳುವಾಗ ಆಕೆಯ ಮುಖ ಬೆಳಗುತ್ತಿತ್ತು. ಹಿಂದಿದ್ದವರು ಕೆಮ್ಮುತ್ತಿದ್ದರು. ನಾನು ಕೇಳುತ್ತಲೇ ಇದ್ದೆ. ಅಂದಿನಿಂದ ಆ ಊರಿನ ಋಷಿಕೊಂಡದ ಸಮುದ್ರದ ಎದುರು ಕೂತಾಗಲೂ ನನ್ನ ಕಣ್ಣಿಗೆ ಬೆಟ್ಟವೇ ಕಾಣುತ್ತಿತ್ತು.

ನಮ್ಮವರು ಯೋಚಿಸಿದರು. ಅವರು ಯೋಚಿಸಿದರೆ ನನಗೆ ಭಯ.

"ಹೋಗು, ಬ್ಯಾಡ ಅನ್ನಂಗಿಲ್ಲ. ಮಸ್ಕತ್ತಿನಾಗ ನಮ್ಮ ಪ್ರಕಾಶ ಅದಾನ. ತ್ರಾಸ ಆತಂದ್ರ ಅವಗ ಫೋನ್ ಹಚ್ಚು, ಬಂದು ಕರ್ಕೊಂಡು ಹೋಗ್ತಾನ. ಆದ್ರ ಅಂಥಾದ್ದೊಂದು ಫೋನ್ ಹೋತಂದ್ರ, ಇನ್ನ ಮ್ಯಾಲೆ ಒಬ್ಬಾಕೀನ ತಿರುಗೂದು ಬಂದ್. ಒಪ್ಪಿಗಿ ಏನು?"

"ಒಪ್ಪಿಗಿ," ಎಂದೆ. ಪ್ರಕಾಶ ಅವರ ಚಿಕ್ಕಪ್ಪನ ಮಗ, ಕರೆದರೆ ಅರ್ಧ ಊಟದಲ್ಲಿ ಎದ್ದು ಬರುವವನು. ಅದೇ ತೊಂದರೆ. ನನ್ನ ಮನಸ್ಸಿನಲ್ಲಿ ಇನ್ನೂ ಎಷ್ಟೋ ಬೆಟ್ಟಗಳು ಸಾಲಾಗಿ ನಿಂತಿದ್ದವು. ಒಂದೇ ಒಂದು ಫೋನಿಗೆ ಅಷ್ಟೂ ಕೈಬಿಟ್ಟು ಹೋಗುತ್ತಿದ್ದವು.

ಋಷಿಕೊಂಡದಲ್ಲಿ ಕೆಲಸ ಮಾಡುವ ಮಗಳಿಗೆ ಮಾತ್ರ ಭಾರೀ ಸಂತೋಷ. "ಅಮ್ಮಾ, ಸೂಪರ್! ಕಾನಿ ಜಾಗ್ರತ್ತ ಹಾಂ! ನಾನ್ನಗೆ ನಾನು ಚೆಪ್ತೀನಿ," ಎಂದಳು. ಹುಷಾರಾಗಿ ಹೋಗು, ಅಪ್ಪನಿಗೆ ನಾನು ಹೇಳುತ್ತೇನೆ ಎಂದರ್ಥ. ಹುಟ್ಟಿದ್ದು ಧಾರವಾಡ, ಬೆಳೆದದ್ದು ವಿಶಾಖ. ಅವಳ ಮಾತು ಎರಡೂ ಊರಿನ ಬಸ್ಸನ್ನು ಒಟ್ಟಿಗೆ ಹತ್ತುತ್ತದೆ.

ಹೊರಡುವ ಮೊದಲು ಎದುರು ಮನೆಯ ಲಕ್ಷ್ಮಿಗಾರು ಒಂದು ಸ್ಟೀಲ್ ಡಬ್ಬಿಯ ತುಂಬ ಪೂತರೇಕುಲು ತಂದುಕೊಟ್ಟರು. ಕಾಗದದಷ್ಟು ತೆಳುವಾದ ಹಾಳೆಯಲ್ಲಿ ಸಕ್ಕರೆ, ತುಪ್ಪ ಸುತ್ತಿಟ್ಟ ಆಂಧ್ರದ ಸಿಹಿ ಅದು. ಆ ಡಬ್ಬಿಯ ಕಥೆಯನ್ನೂ ಹೇಳಿಬಿಡಬೇಕು. ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ನನಗೆ ನನ್ನವ್ವ ಕಲಿಸಿದ್ದಳು, ಅವರಿಗೆ ಅವರಮ್ಮ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಬೇಕು. ಹೀಗೆ ನಾವು ವಿಜಯವಾಡದ ಈ ಭವಾನಿಪುರಂಗೆ ಬಂದಾಗಿನಿಂದ ಆ ಡಬ್ಬಿ ತುಂಬಿಕೊಂಡೇ ಓಡಾಡುತ್ತಿದೆ. ಮೊದಲು ಅದು ಯಾರ ಮನೆಯದಾಗಿತ್ತೆಂದು ಈಗ ಇಬ್ಬರಿಗೂ ನೆನಪಿಲ್ಲ. ನಾನು ಸಿಹಿಯನ್ನು ಚೀಲಕ್ಕೆ ಹಾಕಿ, ಡಬ್ಬಿಗೆ ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟೆ. ಉಳಿದ ಚಟ್ನಿಪುಡಿ ನನ್ನ ಜೊತೆ ಒಮಾನಿಗೆ ಹೊರಟಿತು.

ನಿಜ್ವಾ ದಾರಿ

ಒಮಾನಿನಲ್ಲಿ ಬಲಗಡೆ ಓಡಿಸಬೇಕು, ಸ್ಟೇರಿಂಗ್ ಎಡಗಡೆ. ಇದನ್ನು ಮನೆಯಲ್ಲಿ ಕುರ್ಚಿಯ ಮೇಲೆ ಕೂತು, ಊಟದ ತಟ್ಟೆ ಹಿಡಿದು ಅಭ್ಯಾಸ ಮಾಡಿದ್ದೆ. ತಟ್ಟೆಗೂ ಕಾರಿಗೂ ವ್ಯತ್ಯಾಸವಿದೆ.

ಮಸ್ಕತ್ತಿನಲ್ಲಿ ಬಾಡಿಗೆಗೆ ಸಿಕ್ಕಿದ್ದು ಬೆಟ್ಟ ಹತ್ತುವ ದೊಡ್ಡ ಕಾರು. ಹತ್ತಲು ನನಗೊಂದು ಮಣೆ ಬೇಕಿತ್ತು. ಸೀಟಿನ ಮೇಲೆ ಚಾದರ ಮಡಚಿ ಹಾಕಿಕೊಂಡು ಕೂತ ಮೇಲೆ ರಸ್ತೆ ಕಂಡಿತು. ತಿರುಗಬೇಕಾದಾಗಲೆಲ್ಲ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದೆ. ನೆತ್ತಿ ಸುಡುವ ಬಿಸಿಲಲ್ಲಿ, ಒಂದು ಹನಿ ನೀರಿಲ್ಲದ ಬಯಲಿನಲ್ಲಿ, ನನ್ನ ಕಾರಿನ ವೈಪರ್‌ಗಳು ಬೇಡ ಬೇಡ ಎಂದು ಕೈಯಾಡಿಸುತ್ತ ಹೋದವು. ಪಕ್ಕದಲ್ಲಿ ಹಾದುಹೋದ ಒಬ್ಬರು ತಲೆ ಹೊರಹಾಕಿ ಆಕಾಶ ನೋಡಿದರು.

ನಿಜ್ವಾ ಪಟ್ಟಣದ ದಾರಿಯಲ್ಲೊಂದು ಸಣ್ಣ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಬಾಗಿ ನೀರಿನ ಬಾಟಲಿ ತೆಗೆಯುವಾಗ ಮೊಣಕೈ ತಗಲಿ ಹಾರ್ನ್ ಆಯಿತು. ಒಳಗಿನಿಂದ ಒಬ್ಬಾತ ಓಡಿ ಬಂದ. ಬೈಯುತ್ತಾನೆಂದು ನಾನು "ಸಾರಿ ಅಂಡಿ, ಸಾರಿ ಅಂಡಿ," ಎಂದು ತೆಲುಗಿನ ಮರ್ಯಾದೆಯನ್ನೆಲ್ಲ ಸೇರಿಸಿ ಹೇಳಿದೆ. ಆತ ತಲೆಯಾಡಿಸಿ ಒಳಗೆ ಹೋದ. ಮತ್ತೆ ಬಂದಾಗ ಕೈಯಲ್ಲಿ ಒಂದು ಲೋಟ ಗಟ್ಟಿ ಚಹಾ, ಏಲಕ್ಕಿಯ ವಾಸನೆ ಮೂಗಿಗೆ ಬಡಿಯುವಂಥದ್ದು. ಅಲ್ಲಿಯ ಪದ್ಧತಿಯೇ ಹಾಗೆ: ಕಾರಿನಿಂದ ಇಳಿಯದೆ ಹಾರ್ನ್ ಮಾಡಿದರೆ ಚಹಾ ಬೇಕು ಎಂದರ್ಥ.

ವಿಜಯವಾಡದ ಬೀದಿಗಳಲ್ಲಿ ಇಷ್ಟು ವರ್ಷ ಹಾರ್ನ್ ಮಾಡಿದ್ದೇನೆ. ನನಗೆ ಚಹಾ ಇರಲಿ, ದಾರಿ ಕೂಡ ಯಾರೂ ಕೊಟ್ಟಿಲ್ಲ. ಆ ಸಂತೋಷಕ್ಕೆ ಮುಂದಿನ ಅಂಗಡಿಯಲ್ಲಿ ಬೇಕೆಂದೇ ಹಾರ್ನ್ ಮಾಡಿದೆ.

ಬೆಟ್ಟದ ಬುಡ

ಜಬಲ್ ಅಖ್ದರ್ ಎಂದರೆ ಹಸಿರು ಬೆಟ್ಟ. ಬುಡದಲ್ಲಿ ನಿಂತು ನೋಡಿದರೆ ಹಸಿರಿನ ಸುಳಿವೇ ಇಲ್ಲ. ಹೊಟ್ಟೆ ಬಿರಿದ ಕಲ್ಲು, ಅದರ ಮೇಲೆ ಕಲ್ಲು, ಅದರ ಮೇಲೂ ಕಲ್ಲು. ದಿನವೂ ವಿಜಯವಾಡದ ದುರ್ಗಮ್ಮನ ಬೆಟ್ಟ ಇಂದ್ರಕೀಲಾದ್ರಿಯನ್ನು ನೋಡಿಕೊಂಡೇ ಕಚೇರಿಗೆ ಹೋಗುವ ನಾನು ಬೆಟ್ಟ ಎಂದರೆ ಗೊತ್ತು ಎಂದುಕೊಂಡಿದ್ದೆ. ದುರ್ಗಮ್ಮ ಕ್ಷಮಿಸಬೇಕು, ಇದರ ಪಕ್ಕದಲ್ಲಿ ನಿಲ್ಲಿಸಿದರೆ ನಮ್ಮದು ಮೆಟ್ಟಿಲು.

ಮೇಲೆ ಹೋಗುವ ಪ್ರತಿ ಕಾರನ್ನೂ ಪೊಲೀಸರು ಅಲ್ಲಿ ನಿಲ್ಲಿಸುತ್ತಾರೆ. ನಾಲ್ಕೂ ಚಕ್ರಕ್ಕೆ ಬಲವಿರುವ ಗಾಡಿಯಲ್ಲದಿದ್ದರೆ ಬಿಡುವುದಿಲ್ಲ. ಪೊಲೀಸಿನವರು ಮೊದಲು ನನ್ನನ್ನು ನೋಡಿದರು, ಆಮೇಲೆ ಪಕ್ಕದ ಸೀಟು, ಆಮೇಲೆ ಬಗ್ಗಿ ಹಿಂದಿನ ಸೀಟು.

"ಡ್ರೈವರ್?"

"ನಾನೇ."

"ಒಬ್ಬರೇ?"

"ಒಬ್ಬಳೇ."

ಅವರು ಇನ್ನೊಮ್ಮೆ ಹಿಂದಿನ ಸೀಟು ನೋಡಿದರು, ಯಾರಾದರೂ ಗಂಡಸು ಚಾದರ ಹೊದ್ದು ಮಲಗಿರಬಹುದೇನೋ ಎಂಬಂತೆ. ಇಳಿಯುವಾಗ ಬ್ರೇಕ್ ತುಳಿದುಕೊಂಡೇ ಬರಬಾರದು, ಸಣ್ಣ ಗೇರಿನಲ್ಲಿ ಬರಬೇಕು ಎಂದು ನನಗೆ ಪಾಠ ಮಾಡಿ, ಅದನ್ನು ನನ್ನ ಬಾಯಿಂದ ಹೇಳಿಸಿ, ಕೊನೆಗೆ ನಕ್ಕು ಸಲಾಂ ಹೊಡೆದು ಬಿಟ್ಟರು. ಬ್ಯಾಂಕಿನ ಬಡ್ತಿ ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಮೊದಲ ತಿರುವಿನಲ್ಲಿ ಜೋರಾಗಿ ಕೂಗಿದೆ. ಎರಡನೆಯ ತಿರುವಿನಲ್ಲಿ ಕೆಳಗೆ ನೋಡಿದೆ, ಕೂಗುವುದನ್ನು ನಿಲ್ಲಿಸಿದೆ.

ಮೇಲಿನ ಊರು

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಹೋಗುತ್ತೀರಿ, ಆಮೇಲೆ ನನಗೆ ಕೋಣೆ ಸಿಗುವುದಿಲ್ಲ. ಪ್ರಪಾತದ ಅಂಚಿಗೆ ಅಂಟಿಕೊಂಡ ಕಲ್ಲಿನ ಮನೆಗಳು, ಅವುಗಳ ಕೆಳಗೆ ಪಾವಟಿಗೆಗಳಂತೆ ಇಳಿಯುವ ಸಣ್ಣ ಸಣ್ಣ ಹೊಲಗಳು, ಹೊಲಗಳ ನಡುವೆ ಗಲಗಲ ಸದ್ದು ಮಾಡುತ್ತ ಹರಿಯುವ ಕಾಲುವೆ. ಹೊಲದ ತುಂಬ ಗುಲಾಬಿ. ಬೆಟ್ಟದ ಹಸಿರೆಲ್ಲ ಅಲ್ಲಿ ಬಚ್ಚಿಟ್ಟುಕೊಂಡಿತ್ತು. ಆ ಗ್ರಾಹಕಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ, ಕಂಬಳಿ ಕೂಡ.

ನಾನು ಇಳಿದುಕೊಂಡದ್ದು ಮರ್ಯಮ್ ಎಂಬ ಶಾಲಾ ಶಿಕ್ಷಕಿಯ ಮನೆಯ ಹೊರಕೋಣೆಯಲ್ಲಿ. ಅದಕ್ಕೊಂದು ಪುಟ್ಟ ಒಲೆಯೂ ಇತ್ತು. ಮರ್ಯಮ್ ಕೆಳಗಿನ ನಿಜ್ವಾ ಪಟ್ಟಣದಲ್ಲಿ ಕೆಲಸ ಮಾಡುತ್ತಾಳೆ, ರಜೆಗೆ ಮೇಲೆ ಬರುತ್ತಾಳೆ, ಸೊಗಸಾದ ಇಂಗ್ಲಿಷ್ ಮಾತಾಡುತ್ತಾಳೆ. ಅವಳ ತಾಯಿ ಮಾತ್ರ ವರ್ಷವಿಡೀ ಅಲ್ಲೇ. ಎಲ್ಲರೂ ಅವರನ್ನು ಉಮ್ಮ್ ಸಾಲಿಮ್ ಎನ್ನುತ್ತಾರೆ, ಅಂದರೆ ಸಾಲಿಮನ ಅವ್ವ. ನನ್ನವ್ವನನ್ನೂ ನಮ್ಮ ಓಣಿಯಲ್ಲಿ ಹೆಸರಿನಿಂದ ಕರೆದವರಿಲ್ಲ, ನನ್ನ ಹೆಸರು ಸೇರಿಸಿ ಸುನಂದಾನ ಅವ್ವ ಎಂದೇ ಕರೆಯುತ್ತಿದ್ದರು.

ಉಮ್ಮ್ ಸಾಲಿಮ್ ಅವರ ಕಣ್ಣಿಗೆ ಪೊರೆ ಬಂದಿತ್ತು. ಮೊದಲ ದಿನ ನನ್ನ ಗಲ್ಲ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು. ಕಂಡದ್ದು ಸಾಕಾಗಲಿಲ್ಲವೇನೋ, ನಿಟ್ಟುಸಿರು ಬಿಟ್ಟರು. ಸ್ವಲ್ಪ ಹೊತ್ತಿಗೆ ಅವರಿಂದ ಒಂದು ಬಟ್ಟಲು ಬಂತು. ಬಿಳಿ ಲೇಪದ ತಗಡಿನ ಬಟ್ಟಲು, ನೀಲಿ ಅಂಚು, ಅಲ್ಲಲ್ಲಿ ಲೇಪ ಹಾರಿಹೋಗಿತ್ತು. ಒಳಗೆ ತೆಳುವಾದ ರೊಟ್ಟಿ, ಜೇನುತುಪ್ಪ.

ತಿಂದೆ, ತೊಳೆದೆ, ಕೈ ತಾನಾಗಿ ಚೀಲಕ್ಕೆ ಹೋಯಿತು. ಪೂತರೇಕುಲು ಹಾಕಿ ಕೊಟ್ಟುಬಂದೆ. ನನ್ನ ಪಾಲಿಗೆ ಲೆಕ್ಕ ಚುಕ್ತಾ.

ಅರ್ಧ ಗಂಟೆಯಲ್ಲಿ ಬಟ್ಟಲು ವಾಪಸ್ ಬಂತು. ಅದರ ತುಂಬ ಅಕ್ರೋಟು.

ನಾನು ಚಟ್ನಿಪುಡಿ ಹಾಕಿ ಕಳಿಸಿದೆ. ಬಟ್ಟಲು ಖರ್ಜೂರ ಹೊತ್ತು ಬಂತು. ನಾನು ಅವಲಕ್ಕಿ ಒಗ್ಗರಣೆ ಮಾಡಿದೆ. ಅದು ಕಾಯಿಸಿದ ಹಾಲು ತಂದಿತು. ಮರ್ಯಮ್ ಹೊಸ್ತಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನಮ್ಮಲ್ಲೂ ಪಾತ್ರೆ ಖಾಲಿ ಕಳಿಸುವುದಿಲ್ಲ," ಎಂದಳು. "ಇಷ್ಟು ದಿನ ಬಂದ ಪ್ರವಾಸಿಗಳು ಥ್ಯಾಂಕ್ಯೂ ಹೇಳಿ ಖಾಲಿ ಕೊಡುತ್ತಿದ್ದರು, ಅಮ್ಮ ಗೆಲ್ಲುತ್ತಿದ್ದಳು. ಈಗ ನಿಮ್ಮಿಬ್ಬರಲ್ಲಿ ಯಾರಾದರೂ ಒಬ್ಬರು ಸೋಲಬೇಕು."

ಸೋಲುವುದೇ? ನಾನು ಲಕ್ಷ್ಮಿಗಾರು ಅವರ ಕೈಯಲ್ಲಿ ಪಳಗಿದವಳು.

ಆದರೆ ಮಧ್ಯಾಹ್ನ ಬಟ್ಟಲಿನಲ್ಲಿ ಅನ್ನ ಬಂತು, ಅನ್ನದ ಮೇಲೆ ಮೇಕೆಯ ಮಾಂಸ. ನಾನು ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ನುಂಗುವಂತಿಲ್ಲ, ಉಗುಳುವಂತಿಲ್ಲ, ಬಿಸಿ ತುಪ್ಪ. ಬಾಗಿಲಲ್ಲಿ ಒಂದು ಬೆಕ್ಕು ಕೂತು ನನ್ನನ್ನೇ ನೋಡುತ್ತಿತ್ತು. ಒಂದು ಕ್ಷಣ ಇಬ್ಬರಿಗೂ ಆಸೆಯಾಯಿತು. ಆದರೆ ಉಣ್ಣಲು ಕೊಟ್ಟವರಿಗೆ ಸುಳ್ಳು ಹೇಳುವುದು ಹೇಗೆ? ಬಟ್ಟಲು ಹಿಡಿದು ನೇರವಾಗಿ ಅವರ ಮನೆಗೆ ಹೋಗಿ, ಮರ್ಯಮ್‌ಳ ಮೂಲಕ ನಿಜ ಹೇಳಿದೆ. ಉಮ್ಮ್ ಸಾಲಿಮ್ ಎದೆಯ ಮೇಲೆ ಕೈಯಿಟ್ಟುಕೊಂಡರು. ಎಷ್ಟು ಕಾಲದಿಂದ ಈ ಕಾಯಿಲೆ ಎಂದು ಕೇಳಿದರು. ಹುಟ್ಟಿನಿಂದ ಎಂದೆ. ತಲೆ ಸವರಿದರು. ಸಂಜೆ ಬಟ್ಟಲಿನಲ್ಲಿ ಬೇಳೆಯ ಸಾರು ಬಂತು, ಅದರ ಪಕ್ಕದಲ್ಲಿ ಮದ್ದೆಂದು ಒಂದು ಸೀಸೆ ಪನ್ನೀರು.

ಗುಲಾಬಿ ಹೊಲ

ಗುಲಾಬಿಯನ್ನು ಬಿಸಿಲು ಏರುವ ಮೊದಲೇ ಬಿಡಿಸಬೇಕು. ನಾನೂ ಹೋದೆ. ಉಮ್ಮ್ ಸಾಲಿಮ್ ಅವರ ಶಾಲಿನ ಮಡಿಲು ತುಂಬುವ ಹೊತ್ತಿಗೆ ನನ್ನ ಮಡಿಲಲ್ಲಿ ಒಂದು ಮುಷ್ಟಿ ಹೂವು, ಕೈಯಲ್ಲಿ ಹೂವಿಗಿಂತ ಹೆಚ್ಚು ಮುಳ್ಳು. ಅವರಿಗೆ ನಾಲ್ಕೈದು ಹಿಂದಿ ಶಬ್ದ ಬರುತ್ತಿತ್ತು. ಅದರಲ್ಲಿ "ಜಲ್ದಿ" ಒಂದು. ಅದನ್ನು ಧಾರಾಳವಾಗಿ ಬಳಸಿದರು.

ಹೂವನ್ನು ಮಣ್ಣಿನ ಒಲೆಯ ಮೇಲೆ ಬೇಯಿಸಿ, ಆವಿಯನ್ನು ತಣಿಸಿ ಪನ್ನೀರು ಇಳಿಸುತ್ತಾರೆ. ಒಲೆಮನೆಯ ಗೋಡೆ ಕಾಡಿಗೆಯಷ್ಟು ಕಪ್ಪು. ನಮ್ಮ ಮದುವೆಮನೆಗಳಲ್ಲಿ ಚಿಮುಕಿಸುವ ಪನ್ನೀರಿನಂತೆ ಅದು ಬರೀ ಸಿಹಿಯಾಗಿ ನಾರುವುದಿಲ್ಲ. ಹೂವಿನ ಹಿಂದೆ ಹೊಗೆಯ ವಾಸನೆ ಇದೆ, ಅವ್ವನ ಅಡುಗೆಮನೆಯಿಂದ ಯಾರೋ ಗುಲಾಬಿ ಮುಡಿದು ಹೊರಬಂದ ಹಾಗೆ.

ಕೆಲಸ ಮುಗಿದ ಮೇಲೆ ಉಮ್ಮ್ ಸಾಲಿಮ್ ಖರ್ಜೂರವನ್ನು ನನ್ನ ಶೇಂಗಾ ಚಟ್ನಿಪುಡಿಯಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು, ಇನ್ನೊಂದು ಹೊರಳಿಸಿ ನನ್ನ ಬಾಯಿಗೆ ತುರುಕಿದರು. ಧಾರವಾಡದವರು ಕ್ಷಮಿಸಬೇಕು. ಬಹಳ ಚೆನ್ನಾಗಿತ್ತು.

ದಿನವೂ ಪ್ರಕಾಶನ ಫೋನ್ ಬರುತ್ತಿತ್ತು. "ಅತ್ತಿಗೆ, ಬರ್ಲೇನ್ರಿ?" "ಬ್ಯಾಡೋ." "ಗಾಡಿ ತೊಳದು ನಿಲ್ಲಿಸೀನ್ರಿ." "ಇರ್ಲಿ, ಇನ್ನೊಮ್ಮೆ ತೊಳಿ."

ಮೋಡ

ಇಳಿಯುವ ದಿನ ಬೆಳಿಗ್ಗೆ ಆಕಾಶ ನಿಚ್ಚಳವಾಗಿತ್ತು. ಮರುದಿನ ನಸುಕಿಗೆ ನನ್ನ ವಿಮಾನ. ಹೊರಟುಬಿಡಬೇಕಿತ್ತು. ಆದರೆ ನನ್ನ ಕೋಣೆಯಲ್ಲಿ ಬಟ್ಟಲು ಇತ್ತು, ಅದನ್ನು ಖಾಲಿ ಕೊಡುವುದು ಹೇಗೆ? ಉಳಿದ ರವೆಯಲ್ಲಿ ಉಪ್ಪಿಟ್ಟು ಮಾಡಿ ಕೊಟ್ಟೆ. ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಬಟ್ಟಲು ಒಣ ಅಂಜೂರ ಹೊತ್ತು ಬಂತು. ಅಂಜೂರ ಸುರಿದುಕೊಂಡು, ಚೀಲದ ತಳ ಜಾಲಾಡಿ, ವಿಮಾನದಲ್ಲಿ ತಿನ್ನಲೆಂದು ಇಟ್ಟಿದ್ದ ಚಕ್ಕುಲಿ ಹಾಕಿ ಕೊಟ್ಟುಬಂದೆ. ಆ ಹೊತ್ತಿಗೆ ಕಣಿವೆಯಿಂದ ಮೋಡ ಏರಿ ಬಂದು ಕುಳಿತಾಗಿತ್ತು. ಎದುರಿನ ಮನೆ ಕಾಣುತ್ತಿರಲಿಲ್ಲ. ಕಾರಿನ ಮುಂದಿನ ತುದಿ ಕಾಣುತ್ತಿರಲಿಲ್ಲ. ಒಂದು ಬಟ್ಟಲಿನ ಮರ್ಯಾದೆ ಕಾಯಲು ಹೋಗಿ ಬಿಸಿಲನ್ನೇ ಕಳೆದುಕೊಂಡಿದ್ದೆ.

ಕಾರಿನಲ್ಲಿ ಕೂತೆ. ಹತ್ತುವಾಗ ನೋಡಿದ ಪ್ರಪಾತಗಳೆಲ್ಲ ಒಂದೊಂದಾಗಿ ನೆನಪಾದವು. ನನಗೆ ನಿಜವಾಗಿ ಭಯವಾಗಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಫೋನ್ ತೆಗೆದೆ. ಪ್ರಕಾಶನ ಹೆಸರು ತೆಗೆದೆ. ಬೆಟ್ಟಗಳು ಹೋದರೆ ಹೋಗಲಿ, ಜೀವ ಇದ್ದರೆ ಮನೆಯವರ ಜೊತೆ ತೀರ್ಥಯಾತ್ರೆಯಾದರೂ ಮಾಡಬಹುದು ಎಂದುಕೊಂಡೆ.

ಅಷ್ಟರಲ್ಲಿ ಕಿಟಕಿಗೆ ಟಕಟಕ ಬಡಿದ ಸದ್ದು. ಉಮ್ಮ್ ಸಾಲಿಮ್. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಅದೇ ಬಟ್ಟಲು, ಬಟ್ಟೆ ಮುಚ್ಚಿ ಕಟ್ಟಿದ್ದು. ತಮ್ಮ ಫೋನನ್ನು ನನ್ನ ಕಿವಿಗೆ ಒತ್ತಿದರು. ರಜೆ ಮುಗಿಸಿ ಇಳಿದುಹೋಗಿದ್ದ ಮರ್ಯಮ್, ನಿಜ್ವಾದಿಂದ.

"ನಾಳೆ ಬೆಳಿಗ್ಗೆ ಅಮ್ಮನಿಗೆ ಕಣ್ಣಿನ ಆಪರೇಷನ್. ಈ ದಿನಕ್ಕಾಗಿ ಎಷ್ಟೋ ತಿಂಗಳು ಕಾದಿದ್ದೇವೆ. ಸಾಲಿಮ್ ಕರೆದುಕೊಂಡು ಬರಬೇಕಿತ್ತು, ಅವನು ಕೆಳಗೆ ಮಳೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ಅಮ್ಮ ಹೇಳುತ್ತಿದ್ದಾಳೆ, ನೀವು ಡ್ರೈವರ್ ಅಲ್ಲವೇ, ನಿಮ್ಮ ಜೊತೆ ಬರುತ್ತಾಳಂತೆ. ಕರೆದುಕೊಂಡು ಬರುತ್ತೀರಾ?"

ನನ್ನ ಒಂದು ಕೈಯಲ್ಲಿ 'ಬಂದು ಕರೆದುಕೊಂಡು ಹೋಗು' ಎನ್ನಲು ಹೊರಟ ಫೋನ್. ಕಿವಿಯಲ್ಲಿ 'ಕರೆದುಕೊಂಡು ಬಾ' ಎನ್ನುವ ಫೋನ್. ನನ್ನ ಆಯುಸ್ಸಿನಲ್ಲಿ ನನ್ನನ್ನು ಯಾರೂ ಡ್ರೈವರ್ ಎಂದು ಕರೆದಿರಲಿಲ್ಲ. ಪ್ರಕಾಶನ ಹೆಸರನ್ನು ಹಾಗೇ ಬಿಟ್ಟು ಫೋನ್ ಚೀಲಕ್ಕೆ ಹಾಕಿದೆ. ಪಕ್ಕದ ಬಾಗಿಲು ತೆರೆದೆ.

ದೀಪ ಹಾಕಿದೆ. ಸಣ್ಣ ಗೇರಿಗೆ ಹಾಕಿದೆ. ಈ ಸಲ ವೈಪರ್ ಬೇಕಾಗಿತ್ತು, ಆದ್ದರಿಂದ ಮೊದಲು ಇಂಡಿಕೇಟರ್ ಹತ್ತಿತು. ಮೊದಲ ಇಳಿಜಾರಿನಲ್ಲೇ ಉಮ್ಮ್ ಸಾಲಿಮ್ ಬಟ್ಟಲನ್ನು ಎದೆಗೆ ಅವಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಪ್ರಾರ್ಥನೆ ಶುರು ಮಾಡಿದರು. ನನಗಿಂತ ಅವರಿಗೇ ಹೆಚ್ಚು ಭಯ! ಪಾಪ, ಅವರಿಗೆ ಮೋಡ ಇಲ್ಲದ ದಿನವೂ ಎಲ್ಲ ಮೋಡವೇ. "ಹೆದರಬ್ಯಾಡ್ರಿ, ಏನೂ ಆಗೂದಿಲ್ಲ. ನಾ ಅದೀನಲ್ಲ," ಎಂದು ಧಾರವಾಡದ ಕನ್ನಡದಲ್ಲೇ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಭಯವೂ ಇಳಿಯಿತು. ಹೆದರಲು ಪಕ್ಕದಲ್ಲಿ ಇನ್ನೊಬ್ಬರು ಸಿಕ್ಕರೆ ಧೈರ್ಯದ ಕೆಲಸ ನಮಗೆ ಬರುತ್ತದೆ. ಅವರು ಅಲ್ಲಾಹುವನ್ನು ಕರೆದರು, ನಾನು ಶಿವನನ್ನು, ತಿರುವು ತೀರಾ ಕಡಿದಾದಲ್ಲಿ ದುರ್ಗಮ್ಮನನ್ನೂ. ರಸ್ತೆಯ ಬಿಳಿ ಗೆರೆಯೊಂದನ್ನೇ ಹಿಡಿದುಕೊಂಡು, ಇರುವೆಯ ಹಾಗೆ ಇಳಿದೆವು.

ಅರ್ಧ ದಾರಿಯಲ್ಲಿ ಮೋಡದ ಹೊಟ್ಟೆಯಿಂದ ಹೊರಬಿದ್ದೆವು. ಕೆಳಗೆ ಇಡೀ ಬಯಲು, ಮಳೆಯಲ್ಲಿ ತೊಳೆದಿಟ್ಟ ಹಾಗೆ. ನಾನು ಜೋರಾಗಿ ಕೂಗಿದೆ. ಉಮ್ಮ್ ಸಾಲಿಮ್ ಬೆಚ್ಚಿ ಕಣ್ಣು ತೆರೆದರು, ಆಮೇಲೆ ಅವರೂ ಕೂಗಿದರು. ನನಗಿಂತ ಜೋರಾಗಿ.

ಬುಡದಲ್ಲಿ ಅದೇ ಪೊಲೀಸಿನವರು. ಬಗ್ಗಿ ಪಕ್ಕದ ಸೀಟು ನೋಡಿದರು. ಉಮ್ಮ್ ಸಾಲಿಮ್ ಅರಬಿಯಲ್ಲಿ ಏನೋ ದೊಡ್ಡದಾಗಿ ಹೇಳಿ ನನ್ನ ಭುಜ ತಟ್ಟಿದರು. ಪೊಲೀಸಿನವರು ನನಗೆ ಎರಡನೆಯ ಸಲ ಸಲಾಂ ಹೊಡೆದರು.

ಮತ್ತೆ ಭವಾನಿಪುರಂ

ಉಮ್ಮ್ ಸಾಲಿಮ್ ಅವರನ್ನು ನಿಜ್ವಾದಲ್ಲಿ ಮರ್ಯಮ್‌ಗೆ ಒಪ್ಪಿಸಿ ಬಂದು, ಮಸ್ಕತ್ತಿನಲ್ಲಿ ಕಾರು ವಾಪಸ್ ಕೊಡುವಾಗ ನೋಡುತ್ತೇನೆ, ಪಕ್ಕದ ಸೀಟಿನ ಕೆಳಗೆ ಬಟ್ಟಲು. ಬಿಚ್ಚಿದರೆ ಒಣಗಿದ ಗುಲಾಬಿ. ಮರ್ಯಮ್‌ಗೆ ಸಂದೇಶ ಕಳಿಸಿದೆ: ಅಮ್ಮ ಬಟ್ಟಲು ಮರೆತಿದ್ದಾರೆ, ಪ್ರಕಾಶನ ಕೈಯಲ್ಲಿ ಕಳಿಸಲೇ?

ಉತ್ತರ ನಾನು ಮನೆ ಮುಟ್ಟಿದ ಮೇಲೆ ಬಂತು. "ಆಪರೇಷನ್ ಚೆನ್ನಾಗಿ ಆಯಿತು. ಅಮ್ಮ ಏನೂ ಮರೆತಿಲ್ಲ. ಡ್ರೈವರಿನ ಮುಖ ಹೇಗಿದೆ ಎಂದು ಈಗ ಸರಿಯಾಗಿ ನೋಡಬೇಕಂತೆ. ಬಟ್ಟಲನ್ನು ನೀವೇ ತರಬೇಕಂತೆ."

ಅಂದರೆ ನಾನು ಸೋತಿದ್ದೆ. ಬಟ್ಟಲು ನನ್ನ ಅಡುಗೆಮನೆಯ ಗೂಡಿನಲ್ಲಿ, ಲಕ್ಷ್ಮಿಗಾರು ಅವರ ಮನೆಗೆ ಓಡಾಡುವ ಡಬ್ಬಿಯ ಪಕ್ಕದಲ್ಲಿ ಕೂತಿತು.

ನಮ್ಮವರು ಎಲ್ಲ ಕೇಳಿಸಿಕೊಂಡರು. ಮೋಡ, ಫೋನ್, ಒತ್ತದೇ ಬಿಟ್ಟ ಪ್ರಕಾಶನ ಹೆಸರು, ಯಾವುದನ್ನೂ ನಾನು ಬಚ್ಚಿಡಲಿಲ್ಲ. "ಹೂಂ," ಎಂದರು, ಅಷ್ಟೇ. ನೀನು ಗೆದ್ದೆ ಎಂದು ಹೇಳಲಿಲ್ಲ, ಮುಂದಿನ ಸಲ ಎಂಬ ಮಾತನ್ನೂ ಎತ್ತಲಿಲ್ಲ. ನಾನು ಕೇಳಲೂ ಇಲ್ಲ. ದಿನಗಳು ಹೋದವು. ಬಟ್ಟಲು ಖಾಲಿಯಾಗಿ ಕೂತೇ ಇತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಸಾಲಗಾರಳಂತೆ ಸಂಕೋಚವಾಗುತ್ತಿತ್ತು.

ಮೊನ್ನೆ ಬ್ಯಾಂಕಿನಿಂದ ಬಂದು ಮೆಟ್ಟಿಲು ಹತ್ತುವಾಗಲೇ ಹುರಿದ ಶೇಂಗಾದ ವಾಸನೆ. ಲಕ್ಷ್ಮಿಗಾರು ಅವರ ಮನೆಯದಿರಬೇಕೆಂದುಕೊಂಡೆ. ಬಾಗಿಲು ತೆಗೆದರೆ, ಮದುವೆಯಾದಾಗಿನಿಂದ ಚಹಾಕ್ಕೂ ಒಲೆ ಹಚ್ಚದ ನಮ್ಮವರು ಅಡುಗೆಮನೆಯಲ್ಲಿ ನಿಂತಿದ್ದಾರೆ. ಕಟ್ಟೆಯ ತುಂಬ ಶೇಂಗಾದ ಸಿಪ್ಪೆ, ಮೀಸೆಯ ಮೇಲೆ ಕೆಂಪು ಖಾರಪುಡಿ. ಮಿಕ್ಸಿಯಿಂದ ಚಟ್ನಿಪುಡಿ ತೆಗೆದು, ಒಂದು ಕಾಳೂ ಚೆಲ್ಲದಂತೆ, ನೀಲಿ ಅಂಚಿನ ಬಟ್ಟಲಿಗೆ ತುಂಬುತ್ತಿದ್ದರು.

ನನ್ನ ಕಡೆ ತಿರುಗಲಿಲ್ಲ.

"ಶೇಂಗಾ ಚಟ್ನಿ ಭಾಳ ದಿವಸ ಇಟ್ರ ಕಮಟು ಹಿಡೀತೈತಿ," ಎಂದರು. "ಲಗೂನ ಹೋಗಿ ಕೊಟ್ಟು ಬಾ."